ಪಾಳಿ ಮುರಿದವನ ಟೀ

ನಾನು ಮೊದಲ ಸಲ ಕಂಪ್ಯೂಟರನ್ನು ಕಂಡಾಗ ಅದಕ್ಕೆ ಕೈ ಮುಗಿದೆ. ನಗಬೇಡಿ, ನನ್ನ ಜಾಗದಲ್ಲಿದ್ದರೆ ನೀವೂ ಮುಗಿಯುತ್ತಿದ್ದಿರಿ. ಮೊಮ್ಮಗಳ ಕಾಲೇಜಿನ ಕಂಪ್ಯೂಟರ್ ಕೋಣೆ, ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಗರ್ಭಗುಡಿಯ ತಂಪು. ಯಾರೂ ಗಟ್ಟಿಯಾಗಿ ಮಾತಾಡುತ್ತಿಲ್ಲ. ಮೇಜಿನ ಮೇಲೆ ಬಟ್ಟೆ ಹೊದ್ದು ಏನೋ ಕುಳಿತಿದೆ; ಮೊಮ್ಮಗಳು ಮೆಲ್ಲಗೆ ಆ ಬಟ್ಟೆ ಸರಿಸುತ್ತಾಳೆ. ಇಷ್ಟೆಲ್ಲ ಆದಮೇಲೆ ಕೈ ತಾನಾಗಿಯೇ ಮೇಲೇಳುತ್ತದೆ, ಅದಕ್ಕೆ ನಾನು ಹೊಣೆಯಲ್ಲ.

“ತಾತ, ಕೈ ಇಳ್ಸು, ಎಲ್ರೂ ನೋಡ್ತಾವ್ರೆ” ಎಂದು ಶೈಲು ಪಕ್ಕೆ ತಿವಿದಳು. ಎತ್ತಿದ ಕೈಯನ್ನು ಸುಮ್ಮನೆ ಇಳಿಸುವುದು ಅಪಚಾರ. ಕಣ್ಣಿಗೊತ್ತಿಕೊಂಡೇ ಇಳಿಸಿದೆ.

ಆಮೇಲೆ ಯೋಚಿಸಿದೆ, ಚಪ್ಪಲಿ ಬಿಡಿ ಎಂದು ನನಗೆ ಹೇಳಿದವರು ಯಾರು? ಬಾಗಿಲಲ್ಲಿ ಕಾವಲಿನವನಿರಲಿಲ್ಲ. ಬೋರ್ಡು ಇತ್ತೋ ಏನೋ, ಇದ್ದರೂ ನಾನು ಓದಲಿಲ್ಲ. ರಾಶಿ ಕಂಡಿತು, ಕಾಲಿನಿಂದ ಚಪ್ಪಲಿ ಕಳಚಿತು, ಅಷ್ಟೆ. ಲೋಕದಲ್ಲಿ ಅರ್ಧಕ್ಕರ್ಧ ಕೆಲಸ ಹೀಗೇ ನಡೆಯುತ್ತದೆ. ಮದುವೆ ಊಟದಲ್ಲಿ ಪಕ್ಕದವರು ಮುಗಿಸುವ ತನಕ ಎಲೆ ಬಿಟ್ಟು ಏಳಬಾರದೆಂದು ಯಾವ ಸರ್ಕಾರವೂ ಹುಕುಂ ಮಾಡಿಲ್ಲ. ಆದರೂ ಒಣಗಿದ ಕೈ ಹಿಡಿದುಕೊಂಡು, ಪಕ್ಕದ ಮುದುಕ ಪಾಯಸವನ್ನು ಇನ್ನೊಂದು ಸಲ ಹಾಕಿಸಿಕೊಳ್ಳುವುದನ್ನು ನೋಡುತ್ತ ಕೂತಿರುತ್ತೇವೆ. ನಾನು ಆ ಪಕ್ಕದ ಮುದುಕನಾಗಿ ಈಗ ಕೆಲವು ವರ್ಷಗಳಾದವು. ಹಾಗಾಗಿ ಈ ಕಟ್ಟಳೆ ನನಗೆ ಬಲು ಇಷ್ಟ.

ನಾನು ಯಾರೆಂದು ಹೇಳಲಿಲ್ಲ, ಸಂತೋಷ ಜಾಸ್ತಿಯಾದರೆ ಮಾತಿನ ತಲೆ ಮುಂದೆ ಬರುವುದಿಲ್ಲ. ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆದೇ ಆಯುಸ್ಸು ಕಳೆದವನು. ಓದು ಮೂರನೇ ಕ್ಲಾಸಿಗೆ ನಿಂತಿತು. ಉಳಿದ ಅಕ್ಷರ ಕಲಿಸಿದ್ದು ಸ್ಟೇಷನ್ನಿನ ಬೋರ್ಡುಗಳು. ಮಗಳು ಲಕ್ಷ್ಮಿಯನ್ನು ಕುಪ್ಪಂಗೆ ಕೊಟ್ಟಿದ್ದೇವೆ. ಅವಳ ಮಗಳು ಶೈಲಜ, ನಮ್ಮ ಶೈಲು, ಕೆ.ಜಿ.ಎಫ್.ನಲ್ಲಿ ಎಂಜಿನಿಯರಿಂಗ್ ಸೇರಿದಾಗಿನಿಂದ ನಮ್ಮ ಮನೆಯಲ್ಲೇ ಇದ್ದು ಬೆಳಿಗ್ಗೆ ರೈಲಿಗೆ ಹೋಗಿ ಸಾಯಂಕಾಲದ ರೈಲಿಗೆ ಬರುತ್ತಾಳೆ. ಈ ವರ್ಷ ಅವಳ ಓದಿನ ಕೊನೆಯ ವರ್ಷ. ಈ ಪ್ರಬಂಧ ಅವಳಿಂದಾಗಿ ಬರೆಯುತ್ತಿರುವುದು. ತಪ್ಪಿದ್ದರೆ ನನ್ನದು, ಚೆನ್ನಾಗಿದ್ದರೆ ಅವಳದು.

ಆ ದಿನ ಅವಳು ಪರದೆಯ ಮೇಲೆ ಚುಕ್ಕಿಗಳನ್ನು ತೋರಿಸಿದಳು. ಕಪ್ಪು ಪರದೆ, ಹಸಿರು ಚುಕ್ಕಿಗಳು, ಒಂದು ಇಕ್ಕಟ್ಟಾದ ಓಣಿ. ಆ ಚುಕ್ಕಿಗಳು ಓಣಿಯೊಳಗೆ ನುಗ್ಗಿ ಆ ತುದಿಯಿಂದ ಸಾಮಾನು ಹೊತ್ತು ತರಬೇಕು. ಒಂದೊಂದಕ್ಕೂ ಸ್ವಂತ ಬುದ್ಧಿಯಿದೆಯಂತೆ. ಯಾವಾಗ ಹೊರಡಬೇಕು, ಯಾವಾಗ ನಿಲ್ಲಬೇಕು ಎಂದು ಅದೇ ತೀರ್ಮಾನಿಸುತ್ತದಂತೆ. ಇವಕ್ಕೆ ಏಜೆಂಟರು ಎಂದು ಹೆಸರು. ನನಗೆ ಗೊತ್ತಿದ್ದ ಏಜೆಂಟರೆಂದರೆ ವಿಮೆಯವರು, ಮಾತಿಗೆ ನಿಂತರೆ ರೈಲು ತಪ್ಪಿಸುವವರು. ಇವು ಪಾಪ, ಮಾತೇ ಇಲ್ಲದವು.

“ಇವುಕ್ಕೆ ಮೇಸ್ತ್ರಿ ಯಾರಮ್ಮ?” ಎಂದು ಕೇಳಿದೆ.

“ಯಾರೂ ಇಲ್ಲ ತಾತ. ಅದೇ ಇದ್ರಲ್ಲಿರೋ ಮಜಾ. ಮೇಸ್ತ್ರಿ ಇಟ್ರೆ ಅವ್ನು ಕೆಟ್ಟು ಕೂತ್ಕೊಂಡಾಗ ಎಲ್ಲಾನೂ ನಿಂತೋಗುತ್ತೆ. ಮೇಸ್ತ್ರಿ ಇಲ್ದೇನೆ, ಅವವೇ ಒಂದು ಕಟ್ಟಳೆ ಇಟ್ಕೊಂಡು, ಒಂದಕ್ಕೊಂದು ಗುದ್ದಾಡ್ದೇ ಕೆಲ್ಸ ಮಾಡ್ಬೇಕು.”

ನನಗೆ ಮೈಯೆಲ್ಲ ಜುಂ ಎಂದಿತು. “ಅಯ್ಯೋ, ಇದು ನಮ್ಮ ಜಟಕಾ ಸ್ಟ್ಯಾಂಡಲ್ವೇನೇ!” ಎಂದುಬಿಟ್ಟೆ. ಆ ಗರ್ಭಗುಡಿಯಲ್ಲಿ ಎಲ್ಲರೂ ತಿರುಗಿ ನೋಡಿದರು.

ಎಪ್ಪತ್ತರ ದಶಕದಲ್ಲಿ ನೀವು ಬಂಗಾರಪೇಟೆಯಲ್ಲಿ ರೈಲಿಳಿದಿದ್ದರೆ ನಮ್ಮನ್ನು ನೋಡಿರುತ್ತೀರಿ. ಹೊಂಗೆ ಮರದ ಕೆಳಗೆ ಗಾಡಿಗಳ ಸಾಲು, ಪಕ್ಕದಲ್ಲಿ ಕುದುರೆಗಳಿಗೆ ಕಲ್ಲಿನ ನೀರುತೊಟ್ಟಿ, ಎದುರಿಗೆ ನಾಯರ್ ಟೀ ಅಂಗಡಿ. ಒಬ್ಬೊಬ್ಬ ಗಾಡಿಯವನಿಗೂ ಅವನದೇ ಬುದ್ಧಿ, ಒಂದೊಂದು ಕುದುರೆಗೆ ಅದಕ್ಕಿಂತ ಜಾಸ್ತಿ ಬುದ್ಧಿ. ನನ್ನ ಕುದುರೆಯಂತೂ ಮದ್ರಾಸಿನ ಮೇಲ್ ಬರುವ ಸದ್ದಿಗೆ ಕಿವಿ ನಿಮಿರಿಸುತ್ತಿತ್ತು, ಪ್ಯಾಸೆಂಜರ್ ಸದ್ದಿಗೆ ಮುಖ ತಿರುಗಿಸುತ್ತಿತ್ತು. ಮೇಲ್ ರೈಲಿನಲ್ಲಿ ಬರುವವರು ಭಾರದ ಟ್ರಂಕು ತರುತ್ತಾರೆಂದು ಅದಕ್ಕೆ ಗೊತ್ತು. ಕಿವಿ ನಿಮಿರಿಸುತ್ತಿದ್ದುದು ಭಯಕ್ಕೆ.

ನಮ್ಮ ಮೇಲೂ ಮೇಸ್ತ್ರಿ ಇರಲಿಲ್ಲ. ಪಾಳಿ ಇತ್ತು. ಮುಂದಿನ ಗಾಡಿಗೆ ಮೊದಲ ಗಿರಾಕಿ. ಆಮೇಲೆ ಬಂದವನು ಹಿಂದೆ. ಮುಂದಿನವನು ಊಟಕ್ಕೋ ನೀರಿಗೋ ಹೋಗುವುದಾದರೆ ಗಾಡಿಯ ಮುಂದಿನ ಹಲಗೆಯ ಮೇಲೆ ಚಾವಟಿಯನ್ನು ಅಡ್ಡ ಇಟ್ಟು ಹೋಗಬೇಕು. ಚಾವಟಿ ಅಡ್ಡ ಬಿದ್ದಿದ್ದರೆ “ನನ್ನ ಪಾಳಿ ಬಿಟ್ಟಿದ್ದೇನೆ, ಹಿಂದಿನವನು ಹೋಗಬಹುದು” ಎಂದು ಅರ್ಥ. ಇದನ್ನು ಯಾರು ಶುರು ಮಾಡಿದರೋ ಕಾಣೆ. ನನ್ನಪ್ಪನೂ ಇಡುತ್ತಿದ್ದ.

ಪಾಳಿ ಮುರಿದು ಗಿರಾಕಿ ಹತ್ತಿಸಿಕೊಂಡವನಿಗೆ ಹೊಡೆತವಿಲ್ಲ, ಬೈಗುಳವಿಲ್ಲ. ಅಂದು ಸಾಯಂಕಾಲ ಇಡೀ ಸ್ಟ್ಯಾಂಡಿಗೆ ಟೀ ಕುಡಿಸಬೇಕು, ಎಲ್ಲರೂ ಕುಡಿದು ಮುಗಿಸಿದ ಮೇಲೆ ಕೊನೆಯ ಲೋಟ ಅವನದು. ಕೊನೆಯ ಲೋಟವೆಂದರೆ ಚರಟ, ಆರಿದ್ದು. ಎಲ್ಲರೂ ಬಾಯಿ ಒರೆಸಿಕೊಂಡು ಅವನು ಕುಡಿಯುವುದನ್ನೇ ನೋಡುತ್ತಾರೆ. ಹೊಡೆತವೇ ವಾಸಿ ಅನ್ನಿಸುತ್ತದೆ.

ಒಮ್ಮೆ ನಮ್ಮ ಮೇಲೆ ಒಬ್ಬ ಕಾನ್‌ಸ್ಟೇಬಲನ್ನು ಹಾಕಿದ್ದರು, ಶಿಸ್ತು ತರುವುದಕ್ಕೆ. ಒಳ್ಳೆಯ ಮನುಷ್ಯ, ಸೀಟಿ ಊದಿ ಊದಿ ಕೆನ್ನೆ ಕೆಂಪು ಮಾಡಿಕೊಳ್ಳುತ್ತಿದ್ದ. ಅವನು ಬಂದಮೇಲೆ ನಾವು ಸಾಲು ನೋಡುವುದನ್ನು ಬಿಟ್ಟು ಅವನ ಮುಖ ನೋಡತೊಡಗಿದೆವು. ಅವನು ಇರುವ ತನಕ ಸರಿ, ಊಟಕ್ಕೆ ಹೋದನೆಂದರೆ ರಂಪ. ಅಷ್ಟು ವರ್ಷ ಜಗಳವಾಡದವರು ಅವನು ಬೆನ್ನು ತಿರುಗಿಸುವುದನ್ನೇ ಕಾಯುತ್ತಿದ್ದೆವು. ಅವನಿಗೆ ಬೇರೆ ಕಡೆ ವರ್ಗವಾದ ದಿನ ನಾವೇ ಹಾರ ಹಾಕಿದೆವು. ಅವನಿಗೂ ಖುಷಿ, ನಮಗೂ ಖುಷಿ. ಮರುದಿನ ಪಾಳಿ ತಾನಾಗಿ ವಾಪಸು ಬಂತು.

ಇದನ್ನೆಲ್ಲ ನಾನು ರೈಲಿನಲ್ಲಿ ಮನೆಗೆ ಬರುವ ತನಕ ಶೈಲುಗೆ ಹೇಳುತ್ತ ಬಂದೆ. ಅವಳು ಕೇಳುತ್ತ ಕೇಳುತ್ತ ಪೆಚ್ಚಾದಳು. ಆಗ ತಿಳಿಯಿತು, ಮಗು ಕಷ್ಟದಲ್ಲಿತ್ತು. ಅವಳ ಜೊತೆಯವರೆಲ್ಲ ಪರೀಕ್ಷೆಗೆ ಸುಲಭದ್ದನ್ನು ಆರಿಸಿಕೊಂಡಿದ್ದರು. ಕಾಲೇಜಿನ ಮೇಷ್ಟ್ರು ಇವಳಿಗೂ ಅದನ್ನೇ ಹೇಳಿದ್ದರು, ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಅವರೆದುರು ಚುಕ್ಕಿಗಳು ನಿಂತುಬಿಟ್ಟರೆ ಒಂದು ವರ್ಷ ಹೋಯಿತು ಎಂದು. ಇವಳು ಹಟ ಹಿಡಿದಿದ್ದಳು. ಈಗ ಚುಕ್ಕಿಗಳು ನಿಂತಿದ್ದವು, ಪರೀಕ್ಷೆ ಹತ್ತಿರ ಬಂದಿತ್ತು.

“ಪಾಳಿ ಹೇಳ್ಕೊಡು ಅವುಕ್ಕೆ” ಎಂದೆ, ದೊಡ್ಡ ಗುಟ್ಟು ಬಿಟ್ಟುಕೊಟ್ಟವನ ಹಾಗೆ.

“ಪಾಳಿ ಆಗ್ಲೇ ಹೇಳ್ಕೊಟ್ಟಿದೀನಿ ತಾತ. ಅದ್ರಿಂದ್ಲೇ ನಿಂತಿರೋದು!”

ಮುಂದಿನ ಚುಕ್ಕಿಯೊಂದು ಕೆಟ್ಟು ನಿಂತಿತೆನ್ನಿ. ಹಿಂದಿನವಕ್ಕೆ ಪಾಳಿ ಬಂದಿಲ್ಲ. ಓಣಿಯ ಆ ತುದಿಯಲ್ಲಿ ತುರ್ತಿನ ಸಾಮಾನು, ಔಷಧಿ ಅನ್ನಿ, ಕಾಯುತ್ತಿದೆ. ಇವು ಮಾತ್ರ ಮಹಾ ಮರ್ಯಾದಸ್ಥರಂತೆ ಒಂದರ ಹಿಂದೆ ಒಂದು ನಿಂತೇ ಇವೆ. ಸರಿ, ತುರ್ತಿದ್ದರೆ ಪಾಳಿ ಮುರಿಯಬಹುದು ಎಂದು ಇವಳು ಹೇಳಿಕೊಟ್ಟಳು. ತಗೋ, ಎಲ್ಲ ಚುಕ್ಕಿಗಳಿಗೂ ತುರ್ತು ಹತ್ತಿಕೊಂಡಿತು. ಪ್ರತಿಯೊಂದೂ ತನ್ನದೇ ತುರ್ತು ಎಂದು ನುಗ್ಗಿ ಓಣಿ ಕಟ್ಟಿಕೊಂಡಿತು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲು ಎಸೆಯುವವರನ್ನು ಇವು ಯಾವಾಗ ನೋಡಿದವೋ!

ನನ್ನ ಮೊದಲ ಸಲಹೆ ಅಲ್ಲಿಗೆ ಮುಗಿಯಿತು. ಎರಡನೆಯದನ್ನೂ ಕೊಟ್ಟೆ, ಕೊಡದೆ ಇರಲಾರೆ. “ಎಲ್ಲಾದ್ರಲ್ಲೂ ವಯಸ್ಸಾಗಿರೋ ಚುಕ್ಕೀನ ಯಜಮಾನ ಮಾಡು” ಎಂದೆ. “ತಾತ, ಅವೆಲ್ಲ ಒಂದೇ ಗಳಿಗೇಲಿ ಹುಟ್ಟಿರೋವು” ಎಂದಳು. ನಾನು ಕಿಟಕಿಯಾಚೆ ನೋಡಿದೆ.

ಹೀಗಿರುವಾಗ ಅವಳ ಹುಟ್ಟುಹಬ್ಬ ಬಂತು. ನಮ್ಮ ಮನೆಯಲ್ಲಿ ಕೇಕು ಗೀಕು ಇಲ್ಲ, ಒಬ್ಬಟ್ಟು ಮತ್ತು ಒಂದು ಕಥೆ. ಕಥೆಯೆಂದರೆ ಅವಳು ಹುಟ್ಟಿದ ಕಥೆ, ಪ್ರತಿ ವರ್ಷ ನಾನೇ ಹೇಳಬೇಕು. ಅವಳಿಗೆ ಬಾಯಿಪಾಠವಾಗಿದೆ, ಆದರೂ ಮೊದಲ ಸಲ ಕೇಳುವವಳ ಹಾಗೆ ಕೂತುಕೊಳ್ಳುತ್ತಾಳೆ. ಈ ಸಲ ತಟ್ಟೆ ಮುಂದಿಟ್ಟುಕೊಂಡು ಎಲ್ಲೋ ನೋಡುತ್ತಿದ್ದಳು. ಪರೀಕ್ಷೆಗೆ ಉಳಿದದ್ದು ಒಂದೇ ವಾರ. ಬಲವಂತಕ್ಕೆ ಶುರುಮಾಡಿದೆ.

ಲಕ್ಷ್ಮಿಯನ್ನು ಮೊದಲ ಹೆರಿಗೆಗೆ ಕರೆತರಲು ನನ್ನಾಕೆ ಮುನಿಯಮ್ಮ ಕುಪ್ಪಂಗೆ ಹೋಗಿದ್ದಳು. ಇನ್ನೂ ದಿನಗಳಿವೆ ಎಂದುಕೊಂಡಿದ್ದೆವು. ರೈಲು ಕಾಮಸಮುದ್ರ ದಾಟುವಾಗ ಹುಡುಗಿಗೆ ನೋವು ಕಾಣಿಸಿಕೊಂಡಿತು. ಬಂಗಾರಪೇಟೆಯಲ್ಲಿ ಇಳಿಸಿಕೊಂಡು ಹೊರಗೆ ಬರುವಷ್ಟರಲ್ಲಿ ನಿಲ್ಲಲಾಗದ ನೋವು. ನಾನು ಅಲ್ಲಿರಲಿಲ್ಲ. ರಾಬರ್ಟ್‌ಸನ್‌ಪೇಟೆಗೆ ಒಂದು ಮದುವೆ ಮನೆಯ ಪಾತ್ರೆ ಸಾಗಿಸಲು ಹೋಗಿದ್ದೆ. ಮುಂದಿನದನ್ನು ಮುನಿಯಮ್ಮನೇ ಹೇಳಬೇಕು, ಅವಳ ಬಾಯಲ್ಲೇ ಅದಕ್ಕೆ ಖಾರ.

“ಸಾಲಾಗಿ ಗಾಡಿಗಳು ನಿಂತವೆ ಕಣೆ! ಯಾರಾದ್ರೂ ಬರ್ರಪ್ಪೋ, ಮಗೀಗೆ ನೋವು ಎತ್ಕೊಂಡದೆ ಅಂದೆ. ಒಬ್ಬ್ರ ಮುಖ ಒಬ್ಬ್ರು ನೋಡ್ತಾರೆ. ತಿಮ್ಮರಾಯಣ್ಣನ ಪಾಳಿ ಅಕ್ಕ, ಈಗ್ ಬತ್ತಾನೆ ಅಂತಾರೆ. ಎಲ್ಲವ್ನೆ ಅವ್ನು ಅಂದ್ರೆ, ಊಟಕ್ ಓಗವ್ನೆ. ಚಾವಟಿ ಇಟ್ ಓಗವ್ನಾ ಅಂದ್ರೆ, ಇಲ್ಲ ಅಕ್ಕ, ಮರ್ತು ಕಂಕುಳಲ್ಲೇ ಇಟ್ಕೊಂಡೋಗವ್ನೆ! ನಿಮ್ ಪಾಳಿ ಮನೆ ಆಳಾಗ! ಒಟ್ಟೆಯೊಳಗಿರೋ ಮಗೀಗೂ ಪಾಳಿ ಬರ್ಲಿ ನಿಂತ್ಕೋ ಅಂತೀರೇನ್ರೋ ಅಂದೆ.”

ಅವರು ಕೆಟ್ಟವರಲ್ಲ, ಇದನ್ನು ನಾನು ಈಗಲೂ ಹೇಳುತ್ತೇನೆ. ಚಾವಟಿ ಅಡ್ಡ ಬಿದ್ದಿಲ್ಲ, ತಿಮ್ಮರಾಯಪ್ಪ ಈ ಗಳಿಗೆಯಲ್ಲೋ ಆ ಗಳಿಗೆಯಲ್ಲೋ ಬಂದುಬಿಡುತ್ತಾನೆ, ಅವನ ಗಿರಾಕಿಯನ್ನು ನಾನು ಹೇಗೆ ಮುಟ್ಟಲಿ ಎಂದು ಒಬ್ಬೊಬ್ಬನೂ ಒಳ್ಳೆಯವನಾಗಿಯೇ ನಿಂತಿದ್ದ. ಎಲ್ಲರೂ ಒಳ್ಳೆಯವರಾಗಿ ನಿಂತರೆ ಮಗು ಬೀದಿಯಲ್ಲಿ ಹುಟ್ಟುತ್ತದೆ.

ಆಗ ಸಾಲಿನ ಕಟ್ಟಕಡೆಯಿಂದ ಗಫೂರ್ ಸಾಬರು ಗಾಡಿ ಹೊರಗೆಳೆದರು. ಎಲ್ಲರನ್ನೂ ದಾಟಿಕೊಂಡು ಬಂದು ಲಕ್ಷ್ಮಿಯನ್ನು ಹತ್ತಿಸಿಕೊಂಡು, ಊರಿನ ಆ ಕೊನೆಗಿದ್ದ ಆಸ್ಪತ್ರೆಗೆ ಓಡಿಸಿದರು. ಇಳಿಸಿದ ಸ್ವಲ್ಪ ಹೊತ್ತಿಗೆ ಶೈಲು ಹುಟ್ಟಿದಳು. ತಾಯಿ ಮಗು ಕ್ಷೇಮ, ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳಿ. ನನ್ನ ಕಥೆ ಪ್ರತಿ ವರ್ಷ ಇಲ್ಲಿಗೆ ಮುಗಿಯುತ್ತದೆ.

ಈ ವರ್ಷ ತುಪ್ಪ ಬಡಿಸುತ್ತಿದ್ದ ಮುನಿಯಮ್ಮ, “ಟೀ ವಿಸ್ಯ ಏಳ್ಲೇ ಇಲ್ಲ ನೀನು” ಎಂದಳು.

“ಅದೇನು ದೊಡ್ಡ ವಿಸ್ಯ, ಬಿಡು.”

“ಯಾವ ಟೀ ಅಜ್ಜಿ?” ಎಂದಳು ಶೈಲು.

ಸಾಬರು ಗಾಡಿ ಎಳೆಯುವಾಗಲೇ ಎಲ್ಲರಿಗೂ ಕೇಳುವ ಹಾಗೆ ಕೂಗಿದ್ದರಂತೆ: “ಸಂಜೆ ಟೀ ನಂದು!” ಅಷ್ಟು ಕೂಗಿಯೇ ಹೊರಟಿದ್ದು. ಸಾಯಂಕಾಲ ನಾನು ಸುದ್ದಿ ಕೇಳಿ ಆಸ್ಪತ್ರೆಗೆ ಓಡಿ, ಮಗುವಿನ ಮುಖ ನೋಡಿ, ಕುಣಿದುಕೊಂಡು ಸ್ಟ್ಯಾಂಡಿಗೆ ಬಂದರೆ ನಾಯರ್ ಅಂಗಡಿಯ ಮುಂದೆ ಗಲಾಟೆ. ಸಾಬರು ಟೀ ಹೇಳಿದ್ದಾರೆ, ಯಾರೂ ಲೋಟ ಮುಟ್ಟುತ್ತಿಲ್ಲ. “ಇದಕ್ಕೂ ಟೀ ಏನ್ ಸಾಬ್ರೇ, ನೀವು ಮಾಡಿದ್ದು ಪುಣ್ಯದ ಕೆಲ್ಸ” ಎನ್ನುತ್ತಿದ್ದಾರೆ. ಎಲ್ಲರಿಗಿಂತ ಜೋರಾಗಿ ತಿಮ್ಮರಾಯಪ್ಪ, ಕಣ್ಣಲ್ಲಿ ನೀರು ಹಾಕಿಕೊಂಡು. (ಪಾಪ, ಅಂದಿನಿಂದ ಅವನು ಉಗುಳುವುದಕ್ಕೆ ಪಕ್ಕಕ್ಕೆ ತಿರುಗಿದರೂ ಚಾವಟಿ ಅಡ್ಡ ಇಡುತ್ತಿದ್ದ.)

ಸಾಬರು ಹೇಳಿದರು: “ಅರೆ, ಕುಡೀರ್ರಯ್ಯ. ಪುಣ್ಯದ್ದು ಅಂತ ಇವತ್ತು ನಾನ್ ಟೀ ತಪ್ಪಿಸ್ಕೊಂಡ್ರೆ, ನಾಳೆಯಿಂದ ಒಬ್ಬೊಬ್ಬನಿಗೂ ಪುಣ್ಯದ ಗಿರಾಕೀನೇ ಸಿಕ್ತಾರೆ.”

ನಾನು ಟೀ ನನ್ನದಿರಲಿ ಎಂದು ಮುಂದೆ ಬಿದ್ದೆ. ನನ್ನ ಮೊಮ್ಮಗಳಲ್ಲವೇ? ಸಾಬರು ನನ್ನ ಕೈ ಹಿಡಿದು ಕೆಳಗಿಳಿಸಿದರು. “ಪಾಳಿ ನೀನ್ ಮುರ್ದ್ಯಾ? ಇಲ್ವಲ್ಲ. ಕೂತ್ಕೋ.” ಎಲ್ಲರೂ ಕುಡಿದಮೇಲೆ ಕೊನೆಯ ಲೋಟ, ಆ ಆರಿದ ಚರಟ, ಅವರೇ ಕುಡಿದರು. ನಾವೆಲ್ಲ ನೋಡುತ್ತಿದ್ದೆವು. ಆ ದಿನ ಮಾತ್ರ ನೋಡುವುದು ನಮಗೆ ಕಷ್ಟವಾಯಿತು. ಆಮೇಲೆ ಎಷ್ಟೋ ಸಲ ಅವರಿಗೆ ಟೀ ಕುಡಿಸಿದ್ದೇನೆ. ಸುಮ್ಮನೆ ಕೊಟ್ಟರೆ ಕುಡಿಯುತ್ತಾರೆ. “ಆವತ್ತಿನದಕ್ಕೆ” ಎಂದರೆ ಲೋಟ ಕೆಳಗಿಡುತ್ತಾರೆ.

ಇಷ್ಟು ಹೇಳಿ ನಾನು ಒಬ್ಬಟ್ಟಿಗೆ ಕೈ ಹಾಕಿದೆ. ಶೈಲು ತಟ್ಟೆ ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದಳು:

“ತಾತ, ಅವ್ರು ಕೂಗಿದ್ದು ಹೋಗೋಕ್ ಮುಂಚೇನಾ, ವಾಪಸ್ ಬಂದ್ಮೇಲಾ?”

“ಮುಂಚೆ ಕಣಮ್ಮ. ಗಾಡಿ ತಿರುಗಿಸೋವಾಗ್ಲೇ.”

“ಎಲ್ರಿಗೂ ಕೇಳಿಸ್ತಾ?”

“ಸಾಬ್ರ ಗಂಟ್ಲು ಬೇತಮಂಗಲದ ಕೆರೆಗೂ ಕೇಳಿಸ್ತದೆ” ಎಂದಳು ಮುನಿಯಮ್ಮ.

“ತಪ್ಪಲ್ಲ ಅಂತ ಗೊತ್ತಿದ್ರೂ ಕುಡಿಸಿದ್ರು. ತಪ್ಪಲ್ದಿದ್ರೂ ಕೊನೇ ಲೋಟ ತಾವೇ ಕುಡಿದ್ರು.” ಇದನ್ನು ಅವಳು ನಮಗೆ ಹೇಳುತ್ತಿರಲಿಲ್ಲ. ಕೈಯನ್ನೂ ತೊಳೆಯದೆ ಒಳಗೆ ಹೋಗಿ ಕಾಗದದ ಮೇಲೆ ಗೀಚತೊಡಗಿದಳು. ಅರ್ಧ ಒಬ್ಬಟ್ಟು ತಟ್ಟೆಯಲ್ಲೇ ಉಳಿಯಿತು. ಅದು ಹಾಳಾಗಬಾರದೆಂದು ನಾನೇ ತಿಂದೆ.

ಮರುದಿನ ಅವಳು ನನಗೆ ಬಿಡಿಸಿ ಹೇಳಿದ್ದನ್ನು ನನ್ನ ಬುದ್ಧಿಗೆ ದಕ್ಕಿದಷ್ಟು ಹೇಳುತ್ತೇನೆ. ತುರ್ತಿದ್ದರೆ ಮುರಿ ಎಂದು ಅವಳು ಚುಕ್ಕಿಗಳಿಗೆ ಪುಕ್ಕಟೆ ಅಪ್ಪಣೆ ಕೊಟ್ಟಿದ್ದಳು. ಪುಕ್ಕಟೆ ಸಿಕ್ಕರೆ ಯಾರಿಗೆ ತುರ್ತಿರುವುದಿಲ್ಲ? ಈಗ ಮುರಿಯುವ ಚುಕ್ಕಿ ಮೊದಲು ಕೂಗಬೇಕು, “ಮುರಿಯುತ್ತಿದ್ದೇನೆ” ಎಂದು ಉಳಿದವಕ್ಕೆ ತಿಳಿಸಬೇಕು. ಕೆಲಸ ಮುಗಿಸಿ ಬಂದಮೇಲೆ ತಾನು ದಾಟಿ ಹೋದವರೆಲ್ಲ ಹೋಗಿ ಬರುವ ತನಕ ಕೊನೆಯಲ್ಲಿ ನಿಲ್ಲಬೇಕು. ತುರ್ತು ನಿಜವಾಗಿದ್ದರೂ ನಿಲ್ಲಬೇಕು. ಆಗ ನಿಜವಾದ ತುರ್ತಿನವನೇ ಮುರಿಯುತ್ತಾನೆ, ಸುಮ್ಮನೆ ಆತುರದವನು ಲೆಕ್ಕ ಹಾಕಿ ಸುಮ್ಮನಾಗುತ್ತಾನೆ. ಕೂಗದೆ ಮುರಿದವನನ್ನು ಉಳಿದವು ನೆನಪಿಟ್ಟುಕೊಂಡು ದಾರಿ ಬಿಡುವುದಿಲ್ಲ.

“ನಿಮ್ಮ ಸ್ಟ್ಯಾಂಡಲ್ಲಿ ನಡೀತಿದ್ದಿದ್ದು ಪಾಳಿಯಿಂದಲ್ಲ ತಾತ” ಎಂದಳು. “ಎಲ್ರೂ ಎಲ್ರನ್ನೂ ನೋಡ್ತಿದ್ರಿ, ಅದ್ರಿಂದ. ಪೊಲೀಸ್ನೋನು ಬಂದಾಗ ಕೆಟ್ಟಿದ್ದು ಯಾಕೆ? ಎಲ್ರೂ ಅವ್ನೊಬ್ಬನ್ನೇ ನೋಡೋಕ್ ಶುರು ಮಾಡಿದ್ರಿ.”

ನಾನು ಆ ಸಾಲಿನಲ್ಲಿ ಒಂದು ಆಯುಸ್ಸು ನಿಂತವನು. ಇದು ನನಗೆ ಹೊಳೆದಿರಲಿಲ್ಲ. ಕುದುರೆಯ ಕಣ್ಣಿಗೆ ಪಟ್ಟಿ ಕಟ್ಟುತ್ತೇವಲ್ಲ, ಅಕ್ಕಪಕ್ಕ ಕಾಣದಿರಲೆಂದು. ಕಟ್ಟುವವನಿಗೂ ಒಂದು ಪಟ್ಟಿ ಇರುತ್ತದೆ ಅಂತ ಕಾಣುತ್ತದೆ. ದಿನವೂ ನಿಂತ ಜಾಗವನ್ನು ನೋಡಬೇಕಾದರೆ ಆ ಜಾಗದಿಂದ ಇಳಿದು ಬಂದ ಒಂದು ಮಗು ಬೇಕು.

ಪರೀಕ್ಷೆಯ ದಿನ ನಾನೂ ಮುನಿಯಮ್ಮನೂ ಹೋದೆವು. ಬರಬೇಡಿ ಎಂದಿದ್ದಳು, ಅದಕ್ಕೇ ಹೋದೆವು. ಒಳಗೆ ಬಿಡಲಿಲ್ಲ. ಕಿಟಕಿಯ ಹೊರಗೆ ನಿಂತೆವು. ಕರೆಂಟು ಹೋಗದಿರಲಿ ಎಂದು ಮುನಿಯಮ್ಮ ಗೊತ್ತಿರುವ ದೇವರಿಗೆಲ್ಲ ಹರಕೆ ಹೊತ್ತಳು. ಈಚೆಗೆ ಕರೆಂಟು ನಮ್ಮ ಕಡೆ ನೆಂಟರ ಹಾಗೆ, ಬಂದಾಗ ಬಂತು. ಶೈಲು ಪರದೆಯ ಮುಂದೆ ನೆಟ್ಟಗೆ ನಿಂತಿದ್ದಳು, ಅವಳ ಪಕ್ಕ ಮೇಷ್ಟ್ರು, ಕುರ್ಚಿಯಲ್ಲಿ ಪರೀಕ್ಷಕರು. ಅವರು ಏನೋ ಹೇಳಿದರು. ಇವಳು ಒಂದು ಗುಂಡಿ ಒತ್ತಿದಳು. ಸಾಲಿನ ಮುಂದಿನ ಚುಕ್ಕಿಯನ್ನು ಕೆಡಿಸಿದ್ದಳಂತೆ, ಆಮೇಲೆ ತಿಳಿಯಿತು. ಹಿಂದಿನವು ನಿಂತವು. ಗಾಜಿನ ಆಚೆ ನನಗೆ ಅವು ಚುಕ್ಕಿಗಳಾಗಿ ಕಾಣಲಿಲ್ಲ. ಹೊಂಗೆ ಮರದ ಕೆಳಗಿನ ಗಾಡಿಗಳ ಸಾಲಾಗಿ ಕಂಡವು. ಯಾವುದೂ ಅಲುಗಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

“ಓಗ್ರೋ ಯಾರಾದ್ರೂ!” ಎಂದಳು ಮುನಿಯಮ್ಮ, ಗಾಜಿಗೆ ಮೂಗು ಒತ್ತಿಕೊಂಡು, ಅಂದಿನ ಅದೇ ಗಂಟಲಿನಲ್ಲಿ. “ಮಗು ಕಾಯ್ತಾ ಅದೆ!”

ಕೇಳಿಸಿತೋ ಎಂಬಂತೆ ಕಟ್ಟಕಡೆಯ ಚುಕ್ಕಿ ಮಿಣುಕಿತು, ಅವುಗಳ ಕೂಗು ಅದೇ. ಸಾಲಿನ ಉಳಿದ ಚುಕ್ಕಿಗಳೂ ಒಂದೊಂದಾಗಿ ಮಿಣುಕಿದವು. ಅದು ಹೊರಟಿತು. ಎಲ್ಲವನ್ನೂ ಬಳಸಿಕೊಂಡು ಓಣಿಗಿಳಿದು, ಹೊತ್ತು ತಂದು, ಹಿಂದಕ್ಕೆ ಬಂದು ಕೊನೆಯಲ್ಲಿ ನಿಂತಿತು. ಆಮೇಲೆ ಕೆಟ್ಟದ್ದನ್ನು ಬಳಸಿಕೊಂಡು ಉಳಿದವೂ ಹೊರಟವು, ಸರಾಗ, ನೀರು ಹರಿದ ಹಾಗೆ. ನಾನು ಕಿಟಕಿಯ ಹೊರಗೇ ಕೈ ಮುಗಿದೆ. ಈ ಸಲ ಕಂಪ್ಯೂಟರಿಗಲ್ಲ.

ಪರೀಕ್ಷಕರು ಪರದೆಯ ಮೇಲೆ ಬೆರಳಿಟ್ಟು, ಪಾಳಿ ಮುರಿದ ಚುಕ್ಕಿ ಕಾಯುವ ಈ ಜಾಗಕ್ಕೆ ಟೀ ಎಂದು ಯಾಕೆ ಹೆಸರಿಟ್ಟಿದ್ದೀಯಮ್ಮ ಎಂದು ಕೇಳಿದರಂತೆ. ಇವಳು ಹೇಳಿದಳಂತೆ. ಎಲ್ಲವನ್ನೂ, ತಾನು ಹುಟ್ಟಿದ್ದನ್ನೂ. ಅವರು ತುಂಬ ನಕ್ಕು, ಆಮೇಲೆ ಕಷ್ಟಕಷ್ಟದ ಪ್ರಶ್ನೆ ಕೇಳಿದರಂತೆ. ನಕ್ಕವರು ಸುಲಭದ್ದು ಕೇಳುತ್ತಾರೆಂಬ ನಿಯಮ ಎಲ್ಲೂ ಇಲ್ಲ. ಒಂದಕ್ಕೆ ಇವಳಿಗೆ ಉತ್ತರ ಬರಲಿಲ್ಲವಂತೆ, ಬರುವುದಿಲ್ಲ ಎಂದಳಂತೆ. ಪಾಸಾದಳು. ಹೊರಗೆ ಬಂದು ಅಜ್ಜಿಯನ್ನು ತಬ್ಬಿಕೊಂಡಳು. ನನ್ನನ್ನೂ ತಬ್ಬಿಕೊಂಡಳು, ಆದರೆ ಎರಡನೆಯದಾಗಿ. ಪಾಳಿ.

ಸಾಯಂಕಾಲ ಬಂಗಾರಪೇಟೆಯಲ್ಲಿ ರೈಲಿಳಿದೆವು. ಈಗ ಹೊಂಗೆ ಮರದ ಕೆಳಗೆ ಆಟೋಗಳ ಸಾಲು. ಜಟಕಾ ಎಂದರೆ ಎರಡೋ ಮೂರೋ ಉಳಿದಿವೆ. ಕಲ್ಲಿನ ತೊಟ್ಟಿಯಲ್ಲಿ ಆಟೋದವರು ಟ್ಯೂಬಿನ ತೂತು ಹುಡುಕುತ್ತಾರೆ. ಪಾಳಿ ಮಾತ್ರ ಹಾಗೇ ಇದೆ, ಚಾವಟಿಯ ಬದಲು ಹ್ಯಾಂಡಲ್ಲಿಗೆ ಕೆಂಪು ವಸ್ತ್ರ ಸುತ್ತುತ್ತಾರೆ. ಗಫೂರ್ ಸಾಬರು ಗಾಡಿ ಬಿಟ್ಟು ಬಹಳ ಕಾಲವಾಯಿತು. ಅವರ ಮಗ ಅನ್ವರ್ ಆಟೋ ಓಡಿಸುತ್ತಾನೆ. ಸಾಬರು ನಾಯರ್ ಅಂಗಡಿಯ ಬೆಂಚಿನ ಮೇಲೆ ಕೂತು ಸಾಲನ್ನು ನೋಡುತ್ತಿರುತ್ತಾರೆ. ಯಾರೂ ನೇಮಿಸಿಲ್ಲ, ಸುಮ್ಮನೆ ನೋಡುತ್ತಾರೆ.

ಶೈಲು ನೇರ ಅವರ ಮುಂದೆ ಹೋಗಿ ನಿಂತಳು. “ಸಾಬ್ ತಾತ, ನಾನು ಪಾಸಾದೆ. ಎಲ್ರಿಗೂ ಟೀ ನಂದು. ಆವತ್ತಿನದಕ್ಕೆ.”

ಸಾಬರ ಮುಖ ಅರಳಿತು, ಆದರೆ ತಲೆ ಅಡ್ಡ ಆಡಿತು. “ಪಾಸಾಗಿದ್ದಕ್ಕೆ ಮಿಠಾಯಿ ಕೊಡು ಬೇಟಿ, ತಿಂತೀನಿ. ಆವತ್ತಿನ ಟೀ ಆವತ್ತೇ ಆಯ್ತು. ಅದುನ್ನ ವಾಪಸ್ ತಗೊಂಡ್ರೆ, ನಾನು ಕುಡಿಸಿದ್ದು ಕುಡಿಸ್ದಂಗಾಯ್ತಾ?”

ನಾನು ಇಷ್ಟು ವರ್ಷ ಸೋತ ಮಾತು ಇದೇ. ಸರಿ ಬಾಮ್ಮ ಹೋಗೋಣ ಎಂದೆ. ಅವಳು ಅವರನ್ನೊಮ್ಮೆ ನೋಡಿದಳು, ಆಟೋಗಳ ಸಾಲನ್ನೊಮ್ಮೆ ನೋಡಿದಳು. ಆಮೇಲೆ ಸರಸರ ನಡೆದು, ಮುಂದಿನ ಆಟೋ ಬಿಟ್ಟು, ಅದರ ಹಿಂದಿನದನ್ನೂ ಬಿಟ್ಟು, ಕಟ್ಟಕಡೆಗೆ ನಿಂತಿದ್ದ ಅನ್ವರನ ಆಟೋದೊಳಗೆ ಹೋಗಿ ಕೂತಳು.

“ಏಯ್ ಅಕ್ಕೋ, ಪಾಳಿ ಮುಂದಿಂದು!” ಎಂದ ಮುಂದಿನವನು.

“ಇಳೀ ಅಕ್ಕ, ನನ್ನ ತಲೇಗ್ ತರ್ತೀಯ” ಎಂದು ಅನ್ವರ್ ಬೇಡಿಕೊಂಡ.

“ಇಳ್ಯಲ್ಲ. ಹತ್ತಿಸ್ಕೊಂಡಿದ್ದು ನೀನಲ್ಲ, ಹತ್ತಿದ್ದು ನಾನು. ಪಾಳಿ ಮುರ್ದಿದ್ದು ನಾನು.” ಆಟೋದಿಂದ ತಲೆ ಹೊರಗೆ ಹಾಕಿ, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದಳು: “ಸಂಜೆ ಟೀ ನಂದು!”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಸಾಬರಿಗೆ. ಬೆಂಚಿನ ಮೇಲೆ ಕೂತಲ್ಲೇ ಅಲುಗಾಡಿಕೊಂಡು ನಕ್ಕರು, ಕೆಮ್ಮು ಬರುವ ತನಕ ನಕ್ಕರು. ಪಾಳಿ ಮುರಿದವರ ಟೀ ಬೇಡವೆನ್ನುವ ಹಾಗಿಲ್ಲ, ಹಾಗೆಂದು ಅಂದು ನಮ್ಮೆಲ್ಲರಿಂದ ಲೋಟ ಮುಟ್ಟಿಸಿದವರು ಅವರೇ. ನಾಯರ್ ಲೋಟಗಳನ್ನು ಜೋಡಿಸಿದ. ಮೊದಲ ಲೋಟವನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಸಾಬರಿಗೆ ಕೊಟ್ಟಳು. ಅವರು ಅದನ್ನು ಕೆಳಗಿಡಲಿಲ್ಲ. ಎಲ್ಲರೂ ಕುಡಿದರು. ಕೊನೆಯ ಲೋಟ, ಆ ಆರಿದ ಚರಟ, ನನ್ನ ಮೊಮ್ಮಗಳು ಕುಡಿದಳು. ನಾವೆಲ್ಲ ನೋಡಿದೆವು. ನನಗಂತೂ ಸರಿಯಾಗಿ ಕಾಣಲಿಲ್ಲ, ಕಣ್ಣು ಒರೆಸಿಕೊಳ್ಳುವುದಿತ್ತು.

ಅಂದಿನಿಂದ ನನಗೊಂದು ಸಣ್ಣ ಚಿಂತೆ. ಪಾಳಿ ಮುರಿದರೆ ಟೀ ಎಂಬ ಭಯದ ಮೇಲೆ ಅವಳ ಚುಕ್ಕಿಗಳು ನಿಂತಿವೆ. ಪ್ರೀತಿಪಾತ್ರರೊಬ್ಬರಿಗೆ ಟೀ ಕುಡಿಸಬೇಕು ಎಂಬುದಕ್ಕೇ ಪಾಳಿ ಮುರಿಯುವವರೂ ಲೋಕದಲ್ಲಿದ್ದಾರೆಂದು ಆ ಚುಕ್ಕಿಗಳಿಗೆ ಗೊತ್ತಾದರೆ? ಇದನ್ನು ಶೈಲುಗೆ ಕೇಳಿದೆ. “ಪರೀಕ್ಷಕರು ಕೇಳಿದ್ರಲ್ಲ ತಾತ, ನಂಗೆ ಉತ್ತರ ಬರದೇ ಇದ್ದಿದ್ದು, ಅದೂ ಹೆಚ್ಚುಕಮ್ಮಿ ಇದೇ” ಎಂದಳು.